ಸೋರುವುದು ಒಂದು ಕಡೆ, ಹನಿ ಬೀಳುವುದು ಇನ್ನೊಂದು ಕಡೆ



ಕಳೆದ ಬೇಸಿಗೆಯಲ್ಲಿ ಉಮರ್ಗಾದ ಹತ್ತಿರ ಪರಿಚಯದ ಒಂದು ಕುಟುಂಬವನ್ನು ನೋಡಲು ಹೋಗಿದ್ದೆ. ಪುಣೆಯಿಂದ ಸೊಲ್ಲಾಪುರ, ಉಮರ್ಗಾ, ಹುಮನಾಬಾದ ದಾಟಿ ಹೈದರಾಬಾದಿಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಊರು. ಅಲ್ಲಿ ಮನೆಯೊಳಗೆ ಕನ್ನಡ, ಬಜಾರದಲ್ಲಿ ಮರಾಠಿ. ಆ ಮನೆಯ ಮಗ ಹಳೆಯ ಸಣ್ಣ ಪೆಟ್ರೋಲ್ ಕಾರೊಂದನ್ನು ಕೊಂಡು, ಉಮರ್ಗಾ, ನಿಲಂಗಾ, ಉದಗೀರ ಅಂತ ಬಾಡಿಗೆಗೆ ಓಡಿಸುತ್ತಾನೆ. ದವಾಖಾನೆಗೆ ಹೋಗುವವರು, ಮದುವೆಗೆ ಹೋಗುವವರು, ಉದಗೀರದ ಕೋಟೆ ನೋಡಲು ಹೋಗುವವರು, ಎಲ್ಲರೂ ಅವನ ಗಿರಾಕಿಗಳೇ. ಮನೆ ನಡೆಯುವುದು ಆ ಗಾಡಿಯ ಮೇಲೆ.

ಚಹಾ ಕೊಡುವ ಮೊದಲೇ ಅವನು ಹೇಳಿದ: "ಫಾದರ್, ಗಾಡಿ ಆಯಿಲ್ ಸೋರ್ಲಾಕತ್ತದ್ರಿ. ಹಿಂದಿನ ಸೀಲ್ ಹೋಗ್ಯದಂತ. ಗೇರ್‌ಬಾಕ್ಸ್ ಇಳಸಬೇಕಂತ. 12 ಸಾವಿರ ಆಗ್ತದಂತ ಮೇಸ್ತ್ರಿ ಹೇಳ್ಯಾನ್ರಿ."

ಮಗಳ ಶಾಲೆಯ ಫೀಗೆಂದು ತೆಗೆದಿಟ್ಟ ಹಣ ಬಿಟ್ಟರೆ ಅವನ ಬಳಿ ಬೇರೆ ದುಡ್ಡಿರಲಿಲ್ಲ. ಒಳಗಿನಿಂದ ತಾಯಿ, "ನನ್ನ ಪಾಟ್ಲಿ ಅಡಾ ಇಟ್ಟು ಕೊಡ್ತೀನಿ, ತಗೋ ಅಂದ್ರ ಕೇಳವಲ್ಲ" ಎಂದರು.

"ತಮ್ಮಾ, ಪಾಟ್ಲಿ ಇರಲಿ. ಮೊದಲು ಎಲ್ಲಿಂದ ಸೋರ್ತದ ನೋಡೋಣ" ಎಂದೆ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಹಳೆಯ ಗಾಡಿಗಳಲ್ಲಿಯೇ ಓಡಾಡಿದವನಾದ್ದರಿಂದ ಕೈ ಮಸಿ ಮಾಡಿಕೊಂಡು ಒಂದಿಷ್ಟು ಕಲಿತಿದ್ದೇನೆ. ಅಂದು ನಾವು ಮಾಡಿದ್ದನ್ನು ನಿಮಗೂ ಹೇಳಿದರೆ ಯಾರಿಗಾದರೂ ಉಪಯೋಗವಾದೀತು.

ಅದು ಎಂಜಿನ್ ಆಯಿಲ್ಲೇ ಹೌದೇ?

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ರಾತ್ರಿ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ. ಮುಂದಿನ ಚಕ್ರಗಳು ಎಲ್ಲಿ ಬರುತ್ತವೆ ಎಂದು ರಟ್ಟಿನ ಮೇಲೆ ಗುರುತು ಮಾಡಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ, ಯಾವ ಬಣ್ಣ ಎಂದು ನೋಡಿ. ಕಂದು ಅಥವಾ ಕಪ್ಪಗಿದ್ದು ಬೆರಳಿಗೆ ಜಾರಿದರೆ ಎಂಜಿನ್ ಆಯಿಲ್. ಹಸಿರು ಅಥವಾ ಕೆಂಪಾಗಿದ್ದು ನೀರಿನಂತೆ ತೆಳ್ಳಗಿದ್ದರೆ ರೇಡಿಯೇಟರಿನ ಕೂಲಂಟ್. ಬಣ್ಣವಿಲ್ಲದ ಬರೀ ನೀರಾದರೆ ಎ.ಸಿ.ಯದು, ಚಿಂತೆ ಬೇಡ. ಚಕ್ರದ ಬಳಿ ತಿಳಿಹಳದಿ ಎಣ್ಣೆ ಕಂಡರೆ ಬ್ರೇಕ್ ಆಯಿಲ್ ಇರಬಹುದು. ಆಗ ಗಾಡಿಯನ್ನು ಅಲ್ಲಾಡಿಸದೆ ಮೆಕ್ಯಾನಿಕನನ್ನೇ ಮನೆಗೆ ಕರೆಸಿ.

ಅದೇ ಬೆಳಿಗ್ಗೆ ಗೇಜ್ ಕಡ್ಡಿಯನ್ನೂ ಎಳೆದು ನೋಡಿ. ಒಮ್ಮೆ ಒರೆಸಿ, ಮತ್ತೆ ಅದ್ದಿ ತೆಗೆದಾಗ ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಸೋರಿಕೆ ಸಣ್ಣದಿದ್ದು ಅಳತೆ ಸರಿಯಿದ್ದರೆ ಗಾಬರಿ ಇಲ್ಲ, ವಾರಕ್ಕೊಮ್ಮೆ ನೋಡಿ ತುಂಬಿಸುತ್ತಾ ರಿಪೇರಿಗೆ ಸಮಯ ಹುಡುಕಬಹುದು. ಆದರೆ ಓಡಿಸುವಾಗ ಮುಂದಿನ ಬೋರ್ಡಿನಲ್ಲಿ ಆಯಿಲ್ ಕ್ಯಾನಿನ ಕೆಂಪು ದೀಪ ಹತ್ತಿದರೆ ಆ ಕ್ಷಣವೇ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಆ ದೀಪ ಹೇಳುವುದು ಆಯಿಲ್ ಎಷ್ಟಿದೆ ಎಂದಲ್ಲ, ಒತ್ತಡ ಬಿದ್ದುಹೋಗಿದೆ ಎಂದು. "ಇನ್ನು ಮೂರೇ ಕಿಲೋಮೀಟರ್, ಊರು ಬಂತು" ಎಂದು ಓಡಿಸಿದವರು ಬೇರಿಂಗ್ ಸುಟ್ಟುಕೊಂಡು ಎಂಜಿನ್ನನ್ನೇ ಕಳೆದುಕೊಂಡಿದ್ದಾರೆ.

ಮೊದಲು ಸ್ವಚ್ಛ ಮಾಡಿ

ನಮ್ಮ ಕಡೆಯ ಎರೆಮಣ್ಣಿನ ಧೂಳು ಆಯಿಲ್ಲಿಗೆ ಅಂಟಿಕೊಂಡರೆ ಎಂಜಿನ್ನಿನ ಮೇಲೆ ಕರಿ ಗಾರೆ ಮಾಡಿದಂತೆ ಆಗುತ್ತದೆ. ಅದರ ಮೇಲೆ ಕಣ್ಣಾಡಿಸಿ ಸೋರುವ ಜಾಗ ಹೇಳುವುದು ಯಾರಿಂದಲೂ ಆಗದು. ಮೇಸ್ತ್ರಿಯ ತಪ್ಪೂ ಅಲ್ಲಿಯೇ. ಅವನು ಮೋಸ ಮಾಡಲಿಲ್ಲ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಸಂದಿಯಲ್ಲಿ ಹನಿ ತೊಟ್ಟಿಕ್ಕುವುದನ್ನು ಕಂಡ, ಸೀಲ್ ಹೋಗಿದೆ ಎಂದ. ಆದರೆ ಆಯಿಲ್ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹನಿ ಬೀಳುವ ಜಾಗ ದಾರಿಯ ಕೊನೆ, ಮೊದಲಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿದೆವು. ಸ್ವಲ್ಪ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ ಮತ್ತು ಹಳೆಯ ಬ್ರಷ್‌ನಿಂದ ಮಸಿ ತೆಗೆದು, ಸೋಪಿನ ನೀರಿನ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟೆವು. ಬೀಡಿ, ಒಲೆ ಯಾವುದೂ ಹತ್ತಿರ ಇರಬಾರದು. ವೈರಿಂಗ್ ಮೇಲೆ ಪೈಪಿನಿಂದ ನೀರು ಹೊಡೆಯಬಾರದು. ನಂತರ ಅನುಮಾನವಿದ್ದ ಕಡೆ ಮಕ್ಕಳಿಗೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ, ವೈರ್ ಜೋಡಿಸಿ, ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟು ಬಂದ್ ಮಾಡಿದೆವು. ಬೆಲ್ಟಿನ ಬಳಿ, ಗಾಳಿ ಎಳೆಯುವ ಬಾಯಿಯ ಬಳಿ ಪೌಡರ್ ಬೇಡ.

ಬ್ಯಾಟರಿ ಹಿಡಿದು ಮೇಲಿನಿಂದ ಕೆಳಗೆ ನೋಡುತ್ತಾ ಬಂದೆವು. ಟ್ಯಾಪೆಟ್ ಕವರಿನ ಗೇರ್‌ಬಾಕ್ಸ್ ಕಡೆಯ ಮೂಲೆಯಲ್ಲಿ ಬಿಳಿ ಪೌಡರಿನ ಮೇಲೆ ಕಂದು ಗೆರೆ ಇಳಿದಿತ್ತು. ಅದನ್ನೇ ಹಿಂಬಾಲಿಸಿದರೆ ಕೆಳಗಿನ ಆ ಸಂದಿ! ಸೀಲ್ ಅಲ್ಲ, ಕವರಿನ ರಬ್ಬರ್ ಗ್ಯಾಸ್ಕೆಟ್. ವರ್ಷಗಟ್ಟಲೆ ಕಾದು ಕಾದು ಅದು ಪ್ಲಾಸ್ಟಿಕ್‌ನಂತೆ ಬಿರುಸಾಗಿತ್ತು. ಅವನ ಮುಖ ನೋಡಬೇಕಿತ್ತು.

ರಿಪೇರಿ

ಹೊಸ ಗ್ಯಾಸ್ಕೆಟ್ಟಿಗೆ ಕೆಲವು ನೂರು ರೂಪಾಯಿ. ಗಾಡಿಯ ಮಾಡೆಲ್, ವರ್ಷ ಹೇಳಿ ಅಸಲಿಯನ್ನೇ ತರಬೇಕು. ಎಂಜಿನ್ ತಣ್ಣಗಿರುವಾಗ ಪ್ಲಗ್ ವೈರುಗಳಿಗೆ 1, 2, 3 ಎಂದು ಚೀಟಿ ಅಂಟಿಸಿ ಬಿಚ್ಚಿದೆವು. ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ತೆಗೆಯದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಬಂದೆವು. ಕವರ್ ಅಂಟಿಕೊಂಡಿದ್ದರೆ ಅಂಗೈಯಿಂದ ಮೆಲ್ಲಗೆ ಬಡಿಯಬೇಕು. ಸ್ಕ್ರೂಡ್ರೈವರ್ ತುರುಕಿದರೆ ಕೂಡುವ ಜಾಗಕ್ಕೆ ಗೀರು ಬಿದ್ದು ಹೊಸ ಗ್ಯಾಸ್ಕೆಟ್ಟೂ ಸೋರುತ್ತದೆ. ಹಳೆಯ ರಬ್ಬರಿನ ಚೂರು ಎಂಜಿನ್ನಿನೊಳಗೆ ಬೀಳದಂತೆ ತೆಗೆದು, ಎರಡೂ ಬದಿ ಒಣಬಟ್ಟೆಯಿಂದ ಒರೆಸಿ, ಹೊಸದನ್ನು ಕೂರಿಸಿದೆವು. ಕಂಡಕಂಡಲ್ಲಿ ಸೀಲಂಟ್ ಬಳಿಯಬೇಡಿ. ಗಾಡಿಯ ಪುಸ್ತಕ ಹೇಳಿದ ಮೂಲೆಗಳಿಗೆ ಮಾತ್ರ ಒಂದು ಚುಕ್ಕೆ ಸಾಕು.

ಬಿಗಿಯುವಾಗ ನಡುವಿನಿಂದ ಶುರು ಮಾಡಿ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ. ಪಾನಾವನ್ನು ತುದಿಯಲ್ಲಿ ಹಿಡಿದು ಜಗ್ಗಬೇಡಿ, ಬೋಲ್ಟಿನ ಹತ್ತಿರ ಹಿಡಿದು ಬೆರಳಿನ ಬಲದಿಂದ ತಿರುಗಿಸಿ. ಇಲ್ಲಿ ನನ್ನದೇ ತಪ್ಪು ಒಪ್ಪಿಕೊಳ್ಳುತ್ತೇನೆ: ಹಿಂದೊಮ್ಮೆ ನನ್ನ ಗಾಡಿಯ ಚೇಂಬರಿನ ಡ್ರೇನ್ ಬೋಲ್ಟ್ ತೊಟ್ಟಿಕ್ಕುತ್ತಿತ್ತು. ವಾಷರ್ ಬದಲಿಸಿದ್ದರೆ ಸಾಕಿತ್ತು. ಬಲವಿದೆ ಎಂದು ಬಿಗಿದೆ, ಬಿಗಿದೆ, ಥ್ರೆಡ್ಡೇ ಕಿತ್ತುಬಂತು. ಚೇಂಬರನ್ನೇ ಬದಲಿಸಬೇಕಾಯಿತು.

ಇನ್ನೊಂದು ಕೆಲಸ ಮರೆಯಬಾರದು. ಎಂಜಿನ್ನಿನೊಳಗಿನ ಹಬೆಯನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಮಸಿಯಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಹೆಚ್ಚಿ, ಬಲಹೀನವಾದ ಜಾಗದಿಂದ ಆಯಿಲ್ಲನ್ನು ಹೊರದಬ್ಬುತ್ತದೆ. ಬಿಚ್ಚಿ ಅಲ್ಲಾಡಿಸಿದಾಗ ಸಾಮಾನ್ಯವಾಗಿ ಒಳಗೆ ಟಕಟಕ ಎನ್ನಬೇಕು. ಇವನ ಗಾಡಿಯದು ಮಾತೇ ಆಡಲಿಲ್ಲ. ಅದನ್ನೂ ಬದಲಿಸಿದೆವು. ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ಟೂ ಬಹಳ ದಿನ ಬಾಳುತ್ತಿರಲಿಲ್ಲ.

ಆಯಿಲ್ ಫಿಲ್ಟರ್, ಡ್ರೇನ್ ಬೋಲ್ಟಿನ ವಾಷರ್, ಟ್ಯಾಪೆಟ್ ಕವರ್, ಇಷ್ಟನ್ನು ಮನೆಯಲ್ಲಿ ಮಾಡಬಹುದು. ಮೇಲೆಲ್ಲ ಒಣಗಿದ್ದು ಗೇರ್‌ಬಾಕ್ಸಿನ ಸಂದಿಯಿಂದಲೇ ಸೋರಿದರೆ ಅದು ನಿಜಕ್ಕೂ ಹಿಂದಿನ ಸೀಲ್, ಅದಕ್ಕೆ ಗ್ಯಾರೇಜೇ ಸರಿ. ಸೈಲೆನ್ಸರಿನ ಬಿಸಿ ಪೈಪಿನ ಮೇಲೆ ಆಯಿಲ್ ಬಿದ್ದು ಹೊಗೆ ಬಂದರೆ ಬೆಂಕಿ ಹತ್ತುವ ಅಪಾಯವಿದೆ, ಓಡಿಸಬೇಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ನುಸುಳಬೇಡಿ. ಗಟ್ಟಿ ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸವೇ ಬೇಡ.

ಸುಟ್ಟ ಆಯಿಲ್ ಎಲ್ಲಿಗೆ?

ಕೈಹಾಕಿದ ಮೇಲೆ ಆಯಿಲ್ಲನ್ನೂ ಬದಲಿಸಿದೆವು. ಕರಿ ಆಯಿಲ್ಲನ್ನು ಅವನು ಅಭ್ಯಾಸಬಲದಿಂದ ಹಿತ್ತಲಿನ ಗಟಾರಕ್ಕೆ ಸುರಿಯಲು ಹೊರಟ. ಅಲ್ಲಿಂದ ಹತ್ತು ಹೆಜ್ಜೆಗೆ ಬೋರ್‌ವೆಲ್. "ತಮ್ಮಾ, ನೀರಿನ ರೈಲು ಮರೆತ್ಯೇನು?" ಎಂದೆ. 2016ರ ಏಪ್ರಿಲ್‌ನಲ್ಲಿ ಬರಗಾಲದಿಂದ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ತಂದದ್ದು ಈ ಭಾಗದವರು ಮರೆಯುವ ಸಂಗತಿಯಲ್ಲ. ಮೊದಲ ರೈಲಿನ 10 ವ್ಯಾಗನ್‌ಗಳಲ್ಲಿ ಬಂದದ್ದು ಸುಮಾರು 5 ಲಕ್ಷ ಲೀಟರ್. ಅಂಥ ನೆಲದಲ್ಲಿ ಬಾವಿಯ ಪಕ್ಕ ಸುಟ್ಟ ಆಯಿಲ್ ಸುರಿಯುವುದೇ? ಅದರಲ್ಲಿ ಲೋಹದ ಅಂಶವೂ ವಿಷವೂ ಇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೂ ಅದು ಬರುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಹಳೆಯ ಆಯಿಲ್ ಕೂಡಿಸಿ ಪುನರ್ಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ. ಕೈಗೆ ಹತ್ತಿದ್ದನ್ನು ಸೋಪಿನಿಂದ ಚೆನ್ನಾಗಿ ತೊಳೆದುಕೊಳ್ಳಿ, ಚರ್ಮಕ್ಕೂ ಅದು ಒಳ್ಳೆಯದಲ್ಲ.

ಮಾರನೆಯ ಬೆಳಿಗ್ಗೆ ರಟ್ಟು ಒಣಗಿತ್ತು. ನಿಲಂಗಾಕ್ಕೊಂದು ಬಾಡಿಗೆ ಹೋಗಿ ಬಂದ ಮೇಲೆ ಮತ್ತೆ ನೋಡಿದೆವು, ಆಗಲೂ ಒಣಗಿತ್ತು. ಮಗಳ ಫೀ ಜೂನ್‌ನಲ್ಲಿ ಹೊತ್ತಿಗೆ ಸರಿಯಾಗಿ ಕಟ್ಟಿದನಂತೆ, ಫೋನ್ ಮಾಡಿದ್ದ. ಆ ಮೇಸ್ತ್ರಿಗೂ ಹೋಗಿ ಹೇಳಿದನಂತೆ, ಜಗಳಕ್ಕಲ್ಲ. "ಈಗ ಅವನೂ ಮೊದಲು ತೊಳೆದು ನೋಡ್ತಾನ್ರಿ ಫಾದರ್" ಎಂದ. ಅಜ್ಜಿಯ ಪಾಟ್ಲಿ ಕೈಯಲ್ಲೇ ಇವೆ.

ನಿಮ್ಮ ಗಾಡಿಯ ತೊಂದರೆ ಏನಿದ್ದರೂ ಬರೆದು ಕಳಿಸಿ. ಮುಂದಿನ ತಿಂಗಳು ಬ್ಯಾಟರಿಯ ವಿಷಯ ಮಾತಾಡೋಣ.