ಕಣ ಕಾಯುವ ನಾಯಿಯ ಹೊಟ್ಟೆಪಾಡು



ಈ ಪತ್ರಿಕೆಯಲ್ಲಿ ಕಾಂಡಕೊರಕ, ಕೊಳೆರೋಗ, ಗೊಬ್ಬರ, ಧಾರಣೆ ಇವುಗಳ ವಿಚಾರ ಬರುವುದು ವಾಡಿಕೆ. ನಾಯಿಯ ಹೊಟ್ಟೆಯ ವಿಚಾರಕ್ಕೆ ಇಲ್ಲಿ ಜಾಗವೇಕೆ ಎಂದು ಕೆಲವರು ಕೇಳಬಹುದು. ಕಣದಲ್ಲಿ ಕಾಫಿ ಹರವಿದ ದಿನದಿಂದ ಅಡಿಕೆ ಮಂಡಿಗೆ ಹೋಗುವ ದಿನದವರೆಗೆ ನಮಗಾಗಿ ರಾತ್ರಿ ನಿದ್ದೆಗೆಡುವ ಪ್ರಾಣಿ ಅದೊಂದೇ. ಕಾಡುಹಂದಿ ಬಂದರೂ ಕಳ್ಳ ಬಂದರೂ ಮೊದಲು ತಿಳಿಯುವುದು ಅದಕ್ಕೆ. ಅಂಥ ನಾಯಿ ತಿಂಗಳುಗಟ್ಟಲೆ ಭೇದಿ ಮಾಡುತ್ತ, ಪಕ್ಕೆಲುಬು ಎಣಿಸುವಂತೆ ಸೊರಗಿದಾಗ ‘ನಾಯಿಯ ಹೊಟ್ಟೆ ಇರುವುದೇ ಹೀಗೆ’ ಎಂದು ನಾವು ಸುಮ್ಮನಾಗುತ್ತೇವೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಪರರಿಗೆ ಹೇಳುವ ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ನಮ್ಮ ಮನೆಯ ಮೋತಿಗೆ ಎರಡು ಮಳೆಗಾಲ ಹೊಟ್ಟೆ ಸರಿಯಿರಲಿಲ್ಲ. ನಾವು ಮಾಡಿದ್ದೇನು? ಮನುಷ್ಯರಿಗೆ ತಂದಿಟ್ಟಿದ್ದ ಭೇದಿಯ ಮಾತ್ರೆಯನ್ನು ಅಂದಾಜಿನ ಮೇಲೆ ಮುರಿದು ಕೊಟ್ಟೆವು. ಭೇದಿ ನಿಂತಿತು, ಮಾತ್ರೆ ಬಿಟ್ಟ ವಾರಕ್ಕೆ ಮರುಕಳಿಸಿತು. ಮತ್ತೆ ಮಾತ್ರೆ, ಮತ್ತೆ ಭೇದಿ. ಜಗಲಿ ತೊಳೆದು ಬೇಸತ್ತು, ಸಂತೆಯ ದಿನ ಜೀಪಿನಲ್ಲಿ ಕೂರಿಸಿ ಎಲ್ಲಾದರೂ ದೂರ ಬಿಟ್ಟು ಬರೋಣವೆಂಬ ಮಾತೂ ನಮ್ಮ ಮನೆಯಲ್ಲಿ ಬಂದಿತ್ತು. ಬಿಡುವ ಮೊದಲು ಒಮ್ಮೆ ತೋರಿಸೋಣವೆಂದು ಪಶುವೈದ್ಯರ ಬಳಿ ಒಯ್ದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಬೆಳಗಿನಿಂದ ರಾತ್ರಿಯವರೆಗೆ ಇದು ಏನೇನು ತಿನ್ನುತ್ತದೆ?’

ನಮಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ವಿಚಾರಿಸಿದಾಗ ತಿಳಿಯಿತು: ಬೆಳಿಗ್ಗೆ ಅಜ್ಜಿಯ ಕೈಯ ಹಾಲು, ಆಮೇಲೆ ಮಕ್ಕಳ ಬಿಸ್ಕತ್ತು, ಮಧ್ಯಾಹ್ನ ಬೆಳ್ಳುಳ್ಳಿ ಒಗ್ಗರಣೆಯ ಸಾರನ್ನ, ಸಂಜೆ ಲೈನ್ ಮನೆಗಳಲ್ಲಿ ಒಣಮೀನಿನ ತಲೆ, ಭಾನುವಾರ ಬೇಯಿಸಿದ ಕೋಳಿಯ ಮೂಳೆ. ಎಲ್ಲರೂ ಪ್ರೀತಿಯಿಂದಲೇ ಹಾಕಿದ್ದರು. ಆದರೆ ಬೆಳೆದ ಅನೇಕ ನಾಯಿಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಕೆಡಿಸುತ್ತವೆ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

100 ಲೀಟರ್ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂದು ತೂಗಿ ಹಾಕುವವರು ನಾವು. ಮಳೆ ಎಷ್ಟು ಬಿತ್ತೆಂದು ದಿನವೂ ಬರೆದಿಡುವವರು ನಾವು. ಬಾಗಿಲಲ್ಲಿ ಮಲಗಿರುವ ನಾಯಿಯ ತಟ್ಟೆಗೆ ಏನು ಬಿತ್ತೆಂಬ ಲೆಕ್ಕ ಮಾತ್ರ ನಮ್ಮಲ್ಲಿಲ್ಲ.

ಮೂರು ವಾರ ಮೀರಿದ ಭೇದಿ ಅಥವಾ ವಾಂತಿಯನ್ನು ವೈದ್ಯರು ದೀರ್ಘಕಾಲದ ಕಾಯಿಲೆ ಎಂದು ಗಣಿಸುತ್ತಾರೆ. ಅಂಥ ನಾಯಿಗಳಲ್ಲಿ ಬಹಳಷ್ಟು ಬರೇ ಆಹಾರ ಬದಲಾವಣೆಯಿಂದಲೇ, ಅದೂ ಸಾಮಾನ್ಯವಾಗಿ ಎರಡು ವಾರದೊಳಗೆ, ಸುಧಾರಿಸುತ್ತವೆ. ಆದರೆ ಮೊದಲು ಹುಳುವಿನ ವಿಚಾರ ಮುಗಿಸಬೇಕು. ನಮ್ಮ ತೋಟಗಳ ನೆರಳು, ತೇವ, ತರಗೆಲೆ ಕೊಕ್ಕೆಹುಳುವಿಗೆ ಹೇಳಿ ಮಾಡಿಸಿದ ಜಾಗ. ಮರಿಗೆ ಎರಡು ವಾರದ ಪ್ರಾಯದಿಂದಲೇ ಔಷಧ ಆರಂಭಿಸಿ, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆಯಾದರೂ, ತೂಕ ನೋಡಿಯೇ ಕೊಡಬೇಕು. ಇದು ನಾಯಿಗಾಗಿ ಮಾತ್ರವಲ್ಲ. ಬರಿಗಾಲಲ್ಲಿ ಗಿಡದ ಬುಡಕ್ಕೆ ಹೋಗುವ ಆಳುಗಳ, ಅಂಗಳದಲ್ಲಿ ಆಡುವ ಮಕ್ಕಳ ಚರ್ಮಕ್ಕೂ ಈ ಹುಳುವಿನ ಮರಿಗಳು ಹೊಕ್ಕುತ್ತವೆ.

ಮೋತಿಗೆ ವೈದ್ಯರು ಹುಳುವಿನ ಔಷಧ ಕೊಟ್ಟು ಹೇಳಿದ್ದು ಇಷ್ಟೇ: ಒಬ್ಬರೇ ಉಣಿಸಬೇಕು, ಉಪ್ಪು, ಖಾರ, ಎಣ್ಣೆಯಿಲ್ಲದ ಅನ್ನ ಮತ್ತು ಮೂಳೆ ತೆಗೆದ ಬೆಂದ ಕೋಳಿ, ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ, ಎರಡು ವಾರ ಬೇರೇನೂ ಬೇಡ. ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. ಅಜ್ಜಿ ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ. ಲೈನ್ ಮನೆಗಳಿಗೂ ಹೋಗಿ ಕೈ ಮುಗಿದು ಬಂದೆವು. ಹನ್ನೆರಡನೆಯ ದಿನ ಮೋತಿಯ ಮಲ ಗಟ್ಟಿಯಾಯಿತು. ಬಳಿಕ ವೈದ್ಯರು ಹೇಳಿದ ಸಮತೋಲನದ ಆಹಾರಕ್ಕೆ ಒಂದು ವಾರದಲ್ಲಿ ನಿಧಾನವಾಗಿ ಬದಲಿಸಿದೆವು. ಅನ್ನ ಕೋಳಿಯೊಂದೇ ವರ್ಷಗಟ್ಟಲೆ ಸಾಲದು. ಮಾಂಸ ಒಲೆಗೇರದ ಮನೆಯವರು ವೈದ್ಯರನ್ನು ಕೇಳಿ ಸಿದ್ಧ ಆಹಾರ ತರಬಹುದು. ಬರೀ ಮೊಸರನ್ನದ ಮೇಲೆ ನಾಯಿಯನ್ನು ಸಾಕುವುದೂ ನ್ಯಾಯವಲ್ಲ.

ಎಲ್ಲ ನಾಯಿಯ ಕಥೆಯೂ ಇಷ್ಟು ಸುಲಭವಲ್ಲ. ಅಲ್ಸೇಷನ್ ನಾಯಿ ಹೊಟ್ಟೆಬಾಕನಂತೆ ತಿಂದೂ ದಿನೇ ದಿನೇ ಬಡಕಲಾಗುತ್ತ, ರಾಶಿಗಟ್ಟಲೆ ಜಿಡ್ಡು ಮಲ ಹಾಕುತ್ತಿದ್ದರೆ ಮೇದೋಜೀರಕ ಗ್ರಂಥಿ ಕೈಕೊಟ್ಟಿರಬಹುದು. ಆ ಜಾತಿಯಲ್ಲಿ ಇದು ಹೆಚ್ಚು. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಪ್ರತಿ ಊಟದೊಡನೆ ಪುಡಿ ಬೆರೆಸಿ ಕೊಟ್ಟರೆ ಬಹುಪಾಲು ನಾಯಿಗಳು ಚೆನ್ನಾಗಿ ಬದುಕುತ್ತವೆ. ಮಲ ಡಾಂಬರಿನಂತೆ ಕಪ್ಪಾದರೆ, ಕುಡಿದ ನೀರೂ ನಿಲ್ಲದಿದ್ದರೆ, ಮರಿ ರಕ್ತಭೇದಿ ಮಾಡಿದರೆ ಕಾಯದೆ ಅಂದೇ ಹೊರಡಬೇಕು. 1978ರಲ್ಲಿ ಗುರುತಿಸಲಾದ ಪಾರ್ವೊ ರೋಗ ಮರಿಗಳನ್ನು ಎರಡು ಮೂರು ದಿನದಲ್ಲಿ ಒಯ್ಯಬಲ್ಲದು, ಅದಕ್ಕೆ ಲಸಿಕೆಯುಂಟು. ನೋವಿನ ಮಾತ್ರೆಗಳನ್ನಂತೂ ಕೊಡಲೇಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ. ಬೋರ್ಡೋ ಡ್ರಮ್ಮು, ಕಾಫಿ ಚರಟದ ಗುಂಡಿ ಇವುಗಳಿಗೂ ಅದರ ಬಾಯಿ ತಾಗದಂತೆ ನೋಡಿಕೊಳ್ಳಬೇಕು.

ಇನ್ನೊಂದು ಎಚ್ಚರ. ನಾಯಿ ಜೊಲ್ಲು ಸುರಿಸುತ್ತ, ನುಂಗಲಾರದೆ ಇದ್ದರೆ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕುವುದು ನಮ್ಮ ರೂಢಿ. ಹುಚ್ಚು ರೋಗವೂ ಹೀಗೆಯೇ ಕಾಣುತ್ತದೆ. ಕೈ ಹಾಕದೆ, ಕಟ್ಟಿಹಾಕಿದ ಜಾಗದಿಂದ ದೂರ ನಿಂತು ವೈದ್ಯರಿಗೆ ತಿಳಿಸಬೇಕು. ಜೊಲ್ಲು ಗಾಯಕ್ಕೆ ತಾಗಿದ್ದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ಅಂದೇ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಮೋತಿ ಪೂರ್ತಿ ವಾಸಿಯಾಯಿತೆಂದು ನಾವು ಹೇಳುವುದಿಲ್ಲ. ಯಾರಾದರೂ ಕದ್ದು ಹೋಳಿಗೆ ಹಾಕಿದರೆ ಮರುದಿನ ಜಗಲಿಯೇ ಸಾಕ್ಷಿ ಹೇಳುತ್ತದೆ. ಕೊಳೆರೋಗವೂ ಒಮ್ಮೆ ಹೊಡೆದ ಔಷಧಕ್ಕೆ ತೋಟ ಬಿಟ್ಟು ಹೋಗುವುದಿಲ್ಲ. ವರ್ಷ ವರ್ಷ ಮಳೆಗೆ ಮುಂಚೆ ನಾವು ಸಿದ್ಧರಾಗುತ್ತೇವೆ, ಬೇಸರಿಸುವುದಿಲ್ಲ. ನಾಯಿಯ ಹೊಟ್ಟೆಯೂ ಹಾಗೆಯೇ ಹತೋಟಿಯ ವಿಷಯ. ತೋಟಕ್ಕೆ ತೋರುವ ತಾಳ್ಮೆಯ ಒಂದು ಪಾಲು ಅದಕ್ಕೂ ಸಲ್ಲಬೇಕು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಎರಡು. ಮನೆಯಲ್ಲಿ ನಾಯಿಗೆ ಉಣಿಸುವ ಒಬ್ಬರನ್ನು ನೇಮಿಸಿ, ತಿಂದದ್ದನ್ನು ಮಳೆ ಲೆಕ್ಕದ ಪುಸ್ತಕದಲ್ಲೇ ಒಂದು ಸಾಲು ಬರೆದಿಡಿ. ಎರಡನೆಯದಾಗಿ, ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಸಂಘದ ಅಂಗಳದಲ್ಲಿ ಪಶುವೈದ್ಯರನ್ನು ಕರೆಸಿ, ಸದಸ್ಯರ ಹಾಗೂ ಲೈನ್ ಮನೆಗಳ ನಾಯಿಗಳಿಗೆಲ್ಲ ಒಟ್ಟಿಗೆ ಹುಳುವಿನ ಔಷಧ, ಹುಚ್ಚು ರೋಗದ ಲಸಿಕೆ ಕೊಡಿಸುವ ಏರ್ಪಾಡಾಗಲಿ. ಒಂದು ಮನೆಯ ನಾಯಿಗೆ ಮಾತ್ರ ಔಷಧ ಕೊಡುವುದು, ಒಬ್ಬನೇ ಕೊಳೆರೋಗಕ್ಕೆ ಔಷಧ ಹೊಡೆದು ಪಕ್ಕದ ತೋಟ ಬಿಟ್ಟಂತೆ. ಮುಂದಿನ ಮಹಾಸಭೆಯಲ್ಲಿ ಈ ವಿಚಾರ ಎತ್ತುತ್ತೇವೆ. ಸದಸ್ಯರು ನಗದೆ ಕೇಳಿ, ಬೆಂಬಲಿಸಬೇಕಾಗಿ ಕೋರುತ್ತೇವೆ.