ಹಳೆಯ ಕಾರಿನ ಪಾಠಶುದ್ಧಿ

ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ಹೊರತಂದ ‘ಸ್ಟಾರ್ಮ್’ ಎರಡೇ ಆಸನಗಳ, ಮೇಲ್ಛಾವಣಿ ತೆರೆಯಬಲ್ಲ ಸ್ಪೋರ್ಟ್ಸ್ ಕಾರು. ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯದು, 1149 ಸಿಸಿ. ಮೈ ಫೈಬರ್ ಗ್ಲಾಸಿನದಾದ್ದರಿಂದ ಅದಕ್ಕೆ ತುಕ್ಕಿಲ್ಲ, ಬಿರುಕುಂಟು. ಪತ್ತಿಕೊಂಡ, ಆದೋನಿ ಸೀಮೆಯ ಬಿಸಿಲಿನಲ್ಲಿ ಅಂತಹ ಕಾರನ್ನು ಮನೆಯಂಗಳದಲ್ಲಿ ಸಾಕುವುದು ಸುಲಭವಲ್ಲ: ಬಾಗಿಲಿನ ರಬ್ಬರು ಸೀಳುತ್ತದೆ, ಬಣ್ಣ ಮಂಕಾಗುತ್ತದೆ, ಓಡಿಸದೆ ಬಹುಕಾಲ ನಿಲ್ಲಿಸಿದರೆ ಪೆಟ್ರೋಲು ಅಂಟುಗಟ್ಟುತ್ತದೆ. ತಯಾರಿಕೆ ಎಂದೋ ನಿಂತಿರುವುದರಿಂದ ಬಿಡಿಭಾಗಗಳೂ ದುರ್ಲಭ.

ಆದುದರಿಂದಲೇ ಹಲವರು ಮೂಲ ಎಂಜಿನನ್ನು ಕಿತ್ತು, ಪೇಟೆಯಲ್ಲಿ ಸಿಗುವ ಬೇರೊಂದನ್ನು ಕೂರಿಸಿ, ಹೊಳೆಯುವ ಬಣ್ಣ ಬಳಿಸಲು ಮನಸ್ಸು ಮಾಡುತ್ತಾರೆ. ಇದು ಸಲ್ಲದು. ಹಸ್ತಪ್ರತಿಯ ತ್ರುಟಿತ ಸಾಲನ್ನು ತನ್ನ ಕಲ್ಪನೆಯಿಂದ ತುಂಬಿ, ತುಂಬಿದೆನೆಂದು ಹೇಳದೆ ಬಿಡುವ ಸಂಪಾದಕನಿಗೂ ಇವರಿಗೂ ಭೇದ ಕಡಿಮೆ. ಬಿರುಕಿಗೆ ಗಾಜಿನ ನಾರಿನ ಹಾಸಿಟ್ಟು, ರಾಳ ಹಚ್ಚಿ, ಒಣಗಿದ ಮೇಲೆ ಉಜ್ಜಿದರೆ ಮೂಲ ಮೈಯೇ ಉಳಿಯುತ್ತದೆ. ಕೆಲಸ ನಿಧಾನದ್ದು, ಧೂಳಿಗೆ ಮೂಗು ಮುಚ್ಚಿಕೊಳ್ಳಲೇಬೇಕು!

ಬ್ರೇಕಿನ ಮಾತು ಬೇರೆ. ಅದರ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರು ಕೊಳವೆ ಒಡೆಯುತ್ತದೆ. ಅಲ್ಲಿ ಮೂಲದ ವ್ಯಾಮೋಹ ಪ್ರಾಣಕ್ಕೆರವಾದೀತು, ಹೊಸದನ್ನೇ ಹಾಕಬೇಕು. ತೆಗೆದದ್ದೇನು, ಹಾಕಿದ್ದೇನು, ಎಂದು ಎಂಬುದನ್ನು ಪುಸ್ತಕವೊಂದರಲ್ಲಿ ಬರೆದಿಡಬೇಕು. ಕಾರು ಕೈ ಬದಲಾದ ದಿನ ಕೀಲಿಯೊಂದಿಗೆ ಆ ಪುಸ್ತಕವೂ ಹೋಗಬೇಕು.