ಟಾಪ್ ಬದಲಿಸುವ ಮೊದಲು ಯಾರನ್ನು ಕೇಳಬೇಕು?

ಮಾನ್ಯ ಸಾರಿಗೆ ಆಯುಕ್ತರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಂಗಳೂರಿನಿಂದ ಬರೆಯುತ್ತಿದ್ದೇನೆ. ಕೇಳಬೇಕಾದದ್ದು ಒಂದೇ. ಕಂಪೆನಿಯೇ ತಗಡಿನ ಟಾಪಿನಲ್ಲೂ ಬಟ್ಟೆಯ ಟಾಪಿನಲ್ಲೂ ಮಾರಿದ ಹಳೆಯ ಗಾಡಿಗಳ ತಗಡು ತೆಗೆದು ಬಟ್ಟೆ ಹಾಕಿಸುವುದಕ್ಕೆ ನಿಮ್ಮ ಇಲಾಖೆ ಒಪ್ಪುತ್ತದೆಯೇ, ಇಲ್ಲವೇ? ಒಪ್ಪುವುದಾದರೆ ಯಾವ ಷರತ್ತಿನ ಮೇಲೆ? ಇದನ್ನು ಒಂದು ಸುತ್ತೋಲೆಯಲ್ಲಿ ಬರೆದು ಎಲ್ಲ ಆರ್‌ಟಿಒ ಕಚೇರಿಗಳಿಗೆ ಕಳಿಸಿಕೊಡಿ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನವನಿಗೆ ಬಟ್ಟೆಯ ಟಾಪಿನ ಹುಚ್ಚು ಯಾಕೆ ಎಂದು ನೀವು ಕೇಳಬಹುದು. ಕೇಳುವಂಥದ್ದೇ. ನಮ್ಮ ಹಿರಿಯರು ಈ ಮಳೆಗೆ ಹೆದರಿಯೇ ತಗಡು ಹಾಕಿಸಿದ್ದು. ಸ್ವಾತಂತ್ರ್ಯದ ಹೊತ್ತಿಗೆ ವಿಲ್ಲಿಸ್ ಜೀಪುಗಳನ್ನು ತರಿಸಿ ಜೋಡಿಸತೊಡಗಿದ ಮಹೀಂದ್ರ ಕಂಪೆನಿ, ಮುಂದೆ ದಶಕಗಳ ಕಾಲ ಜೀಪುಗಳನ್ನು ಹೆಚ್ಚಾಗಿ ಕ್ಯಾನ್ವಾಸ್ ಹೊದಿಕೆಯಲ್ಲೇ ಮಾರಿತು. ಸುಳ್ಯ, ಪುತ್ತೂರು, ಬೆಳ್ತಂಗಡಿಯ ತೋಟದವರ ಕೈಗೆ ಬಂದ ಮೇಲೆ ಆ ಹೊದಿಕೆ ಆಟಿ ತಿಂಗಳ ಮಳೆಯನ್ನು ತಾಳಲಿಲ್ಲ. ಅಡಿಕೆ ಮೂಟೆ ನೆನೆಯಿತು, ಹಿಂದಿನ ಸೀಟಿನಲ್ಲಿ ಶಾಲೆಗೆ ಹೊರಟ ಮಕ್ಕಳು ನೆನೆದರು. ಟಿಂಕರಿಂಗ್‌ನವರು ತಗಡು ಬಗ್ಗಿಸಿ, ಬೆಸುಗೆ ಹಾಕಿ, ಜಾರುವ ಗಾಜಿನ ಕಿಟಕಿ ಕೂರಿಸಿ ಗಟ್ಟಿ ಟಾಪ್ ಮಾಡಿಕೊಟ್ಟರು. ಆಗ ಯಾರ ಅನುಮತಿಯನ್ನೂ ಕೇಳಿದವರು ಕಡಿಮೆ. ಹೀಗೆ ಕಾರ್ಖಾನೆಯಿಂದ ಬಟ್ಟೆ ಹೊದ್ದು ಬಂದ ಜೀಪುಗಳು ಇಂದಿಗೂ ತಗಡು ಹೊತ್ತು ಓಡುತ್ತಿವೆ.

ಆ ತಗಡಿನ ಕಥೆ ಕರಾವಳಿಯಲ್ಲಿ ಹೇಗೆ ಮುಗಿಯುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಕೂತು ಊಹಿಸುವುದು ಕಷ್ಟ. ಟಾಪಿನ ಅಂಚಿನ ದೋಣಿಯಲ್ಲಿ ನೀರು ನಿಲ್ಲುತ್ತದೆ. ಉಪ್ಪುಗಾಳಿ ಅದರ ಜೊತೆ ಸೇರುತ್ತದೆ. ಹೊರಗಿನ ಬಣ್ಣ ಸರಿಯಾಗಿಯೇ ಕಾಣುವಾಗ ಒಳಗಿನ ಬೆಸುಗೆ ತುಕ್ಕು ಹಿಡಿದು ಪುಡಿಯಾಗಿರುತ್ತದೆ. ಪ್ಯಾಚ್ ಹೊಡೆಸಿದರೆ ಎರಡು ಮಳೆಗಾಲ, ಆಮೇಲೆ ಪ್ಯಾಚಿನ ಪಕ್ಕದಲ್ಲೇ ತೂತು. ಮಳೆ ಬಿಟ್ಟ ಮೇಲೆ ಮೇ ತಿಂಗಳವರೆಗೆ, ಏಸಿಯಿಲ್ಲದ ಆ ಡಬ್ಬದೊಳಗೆ ಕೂತು ಪಂಪ್‌ವೆಲ್ ಸರ್ಕಲ್‌ನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವನ ಸೆಕೆ ಬೇರೆಯೇ. ಬಟ್ಟೆಯ ಟಾಪಿಗೂ ರೋಗಗಳಿವೆ, ಮುಚ್ಚಿಡುವುದಿಲ್ಲ. ಒದ್ದೆ ಕ್ಯಾನ್ವಾಸನ್ನು ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಕಿಟಕಿ ಹಳದಿಗಟ್ಟುತ್ತದೆ, ಜಡಿಮಳೆಯಲ್ಲಿ ಮೊಣಕಾಲಿಗಾದರೂ ನೀರು ತಾಗಿಯೇ ತಾಗುತ್ತದೆ. ಆದರೆ ಅದನ್ನು ಬಿಚ್ಚಬಹುದು, ಒಣಗಿಸಬಹುದು, ಹರಿದರೆ ಕುಶನ್ ಕೆಲಸದವರಲ್ಲಿ ಕೊಟ್ಟು ಹೊಲಿಸಬಹುದು.

ಈಗ ಕಾನೂನಿಗೆ ಬರುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕ ಗಾಡಿಯನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಸೇರಿತು: ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಈ ಬಿಗಿ ಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಬಾಗಿಲು ಕತ್ತರಿಸಿ ಎಸೆದವರು, ಟ್ರ್ಯಾಕ್ಟರಿನಂಥ ಟೈರು ಹಾಕಿದವರು, ಎದುರಿನವನ ಕಣ್ಣು ಕುಕ್ಕುವ ಲೈಟಿನ ಸಾಲು ಕಟ್ಟಿದವರು ದಂಡ ಕಟ್ಟಲಿ. ಅವರ ಪರವಾಗಿ ನಾನು ಬರೆಯುತ್ತಿಲ್ಲ.

ನನ್ನ ಪ್ರಶ್ನೆ ಹುಟ್ಟುವುದು ಬೇರೆ ಕಡೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಯನ್ನು ನೋಡಿ. ಕಂಪೆನಿ ಅದನ್ನು ಸಾಫ್ಟ್ ಟಾಪ್, ಹಾರ್ಡ್ ಟಾಪ್ ಎಂದು ಎರಡು ಬಗೆಯಲ್ಲಿ ಮಾರಿತು. ಅದೇ ಚಾಸಿ, ಅದೇ ಎಂಜಿನ್, ಅದೇ ಬ್ರೇಕು. ಸೇನೆಯಲ್ಲಿ ವರ್ಷಗಟ್ಟಲೆ ಓಡಿದ್ದು ಬಟ್ಟೆಯ ಟಾಪಿನದ್ದೇ. ಇಂಥ ಗಾಡಿಯ ಹಾರ್ಡ್ ಟಾಪ್ ತೆಗೆದು ಕಂಪೆನಿಯೇ ರೂಪಿಸಿದ ಸಾಫ್ಟ್ ಟಾಪಿನ ಅಳತೆಗೆ ತಂದರೆ, ಅದು ತಯಾರಕರ ವಿವರದಿಂದ ದೂರ ಹೋದಂತೆಯೋ ಅಥವಾ ತಯಾರಕರದ್ದೇ ಇನ್ನೊಂದು ವಿವರಕ್ಕೆ ಸೇರಿದಂತೆಯೋ? ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನೆಯ ಬದಲಾವಣೆಯನ್ನು ಮಾತ್ರ 52ನೇ ಕಲಮಿನ ವಿವರಣೆ ಮಾರ್ಪಾಡು ಎನ್ನುತ್ತದೆ. ಜಿಪ್ಸಿಯ ಮೂಲ ಲಕ್ಷಣ ಅದರ ತಲೆಯ ಮೇಲಿನ ತಗಡಿನಲ್ಲಿದೆಯೇ? ನನಗೆ ಹಾಗೆ ಕಾಣುವುದಿಲ್ಲ. ಆದರೆ ನನಗೆ ಕಂಡದ್ದು ರಸ್ತೆಯಲ್ಲಿ ಕೈ ಅಡ್ಡ ಹಿಡಿದವರಿಗೂ ಹಾಗೆಯೇ ಕಾಣಬೇಕಲ್ಲ.

ಮಹೀಂದ್ರ ಜೀಪಿನ ವಿಷಯ ಇನ್ನೂ ವಿಚಿತ್ರ. ಬಟ್ಟೆ ಹೊದ್ದು ಹುಟ್ಟಿದ ಜೀಪಿಗೆ ಅಪ್ಪ ಹಾಕಿಸಿದ ತಗಡನ್ನು ಮಗ ತೆಗೆಸಿದರೆ, ಅವನು ಕಾನೂನು ಮುರಿದನೋ, ಮುರಿದದ್ದನ್ನು ಸರಿಮಾಡಿದನೋ? 2021ರ ವಿಂಟೇಜ್ ನಿಯಮದಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗೆ ಪ್ರತ್ಯೇಕ ನೋಂದಣಿ ಕೊಡುತ್ತದೆ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಂದರೆ ಒಂದು ನಿಯಮ ಹಳೆಯ ಜೀಪಿಗೆ ಮೂಲ ಟಾಪು ಬೇಕೆನ್ನುತ್ತದೆ, ಇನ್ನೊಂದು ನಿಯಮದ ಭಯದಿಂದ ಟಾಪ್ ಮುಟ್ಟಲು ಮಾಲೀಕ ಹೆದರುತ್ತಾನೆ.

ಸುರಕ್ಷತೆಯ ಪ್ರಶ್ನೆಯನ್ನು ನೀವು ಎತ್ತಿದರೆ ಅದಕ್ಕೆ ತಲೆಬಾಗುತ್ತೇನೆ. ಚಾರ್ಮಾಡಿಯ ತಿರುವಿನಲ್ಲಿ ಗಾಡಿ ಮಗುಚಿದರೆ ಬಟ್ಟೆ ಯಾರನ್ನೂ ಕಾಯುವುದಿಲ್ಲ. ಹಾಗಾಗಿ ಷರತ್ತು ಗಟ್ಟಿಯಾಗಿರಲಿ. ರೋಲ್ ಬಾರ್ ಕಡ್ಡಾಯ ಮಾಡಿ. ಅದನ್ನು ನೆಲದ ತೆಳು ತಗಡಿಗೆ ಬೋಲ್ಟ್ ಹಾಕಿ ನಿಲ್ಲಿಸಿದರೆ ಸಾಲದು, ಚಾಸಿಗೋ ದಪ್ಪ ಪ್ಲೇಟು ಕೊಟ್ಟು ಬಲಪಡಿಸಿದ ಜಾಗಕ್ಕೋ ಕೂರಿಸಬೇಕು. ಗಟ್ಟಿ ಟಾಪ್ ತೆಗೆದಾಗ ಅದರ ಕಂಬಕ್ಕೆ ಕೊಟ್ಟಿದ್ದ ಸೀಟ್ ಬೆಲ್ಟಿನ ಹಿಡಿತವೂ ಹೋಗಬಹುದು, ಅದಕ್ಕೆ ಹೊಸ ಜಾಗ ತೋರಿಸದೆ ಒಪ್ಪಿಗೆ ಬೇಡ. ಮುಂದಿನ ಗಾಜಿನ ಚೌಕಟ್ಟಿಗೆ ಬಟ್ಟೆ ಹಿಡಿಯುವ ಪಟ್ಟಿ, ಮೇಲೆ ಕಮಾನುಗಳು, ಇವೆಲ್ಲ ಕಂಪೆನಿಯ ಸಾಫ್ಟ್ ಟಾಪ್ ಮಾದರಿಯಂತೆಯೇ ಇವೆಯೇ ಎಂದು ಇನ್‌ಸ್ಪೆಕ್ಟರ್ ನೋಡಲಿ. ಏರ್‌ಬ್ಯಾಗ್ ಇರುವ ಹೊಸ ಗಾಡಿಗಳಿಗೆ ಈ ಸವಲತ್ತು ಬೇಡವೇ ಬೇಡ. 2020ರ ಮಹೀಂದ್ರ ಥಾರ್ ಬಟ್ಟೆಯ ಟಾಪಿನಲ್ಲೂ ಬಂತಲ್ಲ ಎಂದು ವಾದಿಸುವವರಿದ್ದಾರೆ. ಬೇಕಿದ್ದವರು ಅದನ್ನೇ ಕೊಳ್ಳಬಹುದಿತ್ತು ಮಾರಾಯ್ರೆ, ಕತ್ತರಿಸುವುದು ಯಾಕೆ?

ಪರೀಕ್ಷೆಗೆ ಹೊಸ ವ್ಯವಸ್ಥೆಯೇನೂ ಬೇಕಿಲ್ಲ. 15 ವರ್ಷ ತುಂಬಿದ ಖಾಸಗಿ ಗಾಡಿ ಹೇಗೂ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ನಿಮ್ಮ ಕಚೇರಿಗೆ ಬರಬೇಕು. ಆಗ, ಅಥವಾ ಅದಕ್ಕೂ ಮೊದಲು, ಮಾಲೀಕ ಕೆಲಸಕ್ಕೆ ಕೈಹಾಕುವ ಮುನ್ನವೇ ಅರ್ಜಿ ಕೊಡಲಿ. ಕೆಲಸ ಮುಗಿದ ಮೇಲೆ ಗಾಡಿ ತಂದು ತೋರಿಸಲಿ, ಶುಲ್ಕ ಕಟ್ಟಲಿ. ಬಾಡಿಯ ಬಗೆ ಮತ್ತು ಹೊಸ ತೂಕವನ್ನು ಆರ್‌ಸಿಯಲ್ಲಿ ದಾಖಲಿಸಿ ಕೊಡಿ. ತಲಪಾಡಿ ದಾಟಿ ಕಾಸರಗೋಡಿಗೆ ಹೋಗುವ ಕೆಎ 19ರ ಗಾಡಿಯವನಿಗೆ ಆ ಒಂದು ಸಾಲು ಬಹಳ ದೊಡ್ಡದು. ಗಡಿಯ ಆಚೆ ನಿಂತಿರುವ ಕೇರಳದ ಅಧಿಕಾರಿಗೆ ನಾನು ಕಲಂ ವಿವರಿಸುತ್ತಾ ಕೂರಲಾರೆ, ಆರ್‌ಸಿ ತೋರಿಸಬಲ್ಲೆ. ನಾಳೆ ಅಪಘಾತವಾಗಿ ವಿಮೆಯವರು ಗಾಡಿ ಮಾರ್ಪಾಡಾಗಿದೆ ಎಂದು ತಕರಾರು ತೆಗೆದರೆ ಕೈಯಲ್ಲಿ ಹಿಡಿಯುವುದೂ ಅದನ್ನೇ.

ಕಾಯ್ದೆ ಕೇಂದ್ರದ್ದು, ರಾಜ್ಯದ ಕೈ ಕಟ್ಟಿದೆ ಎಂಬ ಉತ್ತರ ಬರಬಹುದು. ಹಾಗಿದ್ದರೆ ಕೇಂದ್ರ ಸಾರಿಗೆ ಸಚಿವಾಲಯಕ್ಕೆ ಬರೆದು ಸ್ಪಷ್ಟನೆ ಪಡೆಯಿರಿ. ಪ್ರಶ್ನೆ ಒಬ್ಬ ಮಾಲೀಕನಿಂದ ಹೋಗುವುದಕ್ಕೂ ನಿಮ್ಮ ಕಚೇರಿಯಿಂದ ಹೋಗುವುದಕ್ಕೂ ವ್ಯತ್ಯಾಸವಿದೆ. ಉತ್ತರ ‘ಇಲ್ಲ’ ಎಂದೇ ಆದರೂ ಲಿಖಿತವಾಗಿ ಬರಲಿ. ಇಲ್ಲಿ ಟಾಪಿನ ಕೆಲಸ ಶುರುವಾಗುವುದು ಮಳೆ ಬಿಟ್ಟ ಮೇಲೆ, ನವರಾತ್ರಿಯ ಹೊತ್ತಿಗೆ. ಅಷ್ಟರೊಳಗೆ ಉತ್ತರ ಬಂದರೆ, ತಗಡಿಗೆ ಮತ್ತೊಂದು ಪ್ಯಾಚ್ ಹೊಡೆಸಬೇಕೋ ಕ್ಯಾನ್ವಾಸಿಗೆ ಮುಂಗಡ ಕೊಡಬೇಕೋ ಎಂದು ನಾವು ತೀರ್ಮಾನಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಹಳೆಯ ಗಾಡಿಯ ಮಾಲೀಕ,
ಮಂಗಳೂರು